ಹೆಬ್ಬೆರಳಿನ ಬೆಲ್ಲ

ಹೆಬ್ಬೆರಳ ಮೇಲೆ ಏನೋ ಹರಿದ ಹಾಗೆ, ಇರುವೆ ಇರಬೇಕು, ಬಕೆಟ್ಟಿನಲ್ಲಿ ಬೆಲ್ಲ ಕಲಸಿದ ಕೈಗೆ ಇರುವೆ ಬರದೆ ಇನ್ನೇನು ಬಂದೀತು, ಕೊಡವಲು ಹೋದರೆ — ಅಲ್ಲ, ರೆಕ್ಕೆಯಿದೆ, ಜೇನುಹುಳ, ಸಣ್ಣ ಜೇನು, ಹಿಂಗಾಲಿಗೆ ಅರಿಸಿನ ಹಚ್ಚಿಕೊಂಡಂತೆ ಹಳದಿ, ಕೌಸರ, ಕೈ ಅಲುಗಿಸಬೇಡ, ಇಷ್ಟು ದಿನ ಕಾದು ಕಾದು ಕಣ್ಣು ನೋಯಿಸಿಕೊಂಡದ್ದು ಇದಕ್ಕೇ ಅಲ್ಲವೇ, ತೋಟದ ತುಂಬ ಲಿಂಬೆ ಹೂ ಬಿಟ್ಟು ನಿಂತಿದೆ, ಮೂಸಿ ನೋಡಲು ಒಂದು ಹುಳವಿಲ್ಲ, ಹೂವು ಅರಳುತ್ತದೆ, ಉದುರುತ್ತದೆ, ಕಾಯಿ ಕಟ್ಟುವುದು ಎಲ್ಲಿಂದ, ಇದೂ ಉದುರಿಹೋದರೆ ಬೇಸಿಗೆಗೆ ಇಂಡಿ ಪೇಟೆಯ ಲಿಂಬೆ ಮಾರ್ಕೆಟ್ಟಿಗೆ ಚೀಲದಲ್ಲಿ ಎಲೆ ತುಂಬಿಕೊಂಡು ಹೋಗಬೇಕು. ಹೂವಾದರೂ ಹೊತ್ತಿಗೆ ಬಂದಿದೆಯೇ, ಅದೂ ಇಲ್ಲ, ಮಳೆಗಾಲ ಮುಗಿಯುವಾಗ ನೀರು ನಿಲ್ಲಿಸಿ ಎಲೆ ಬಾಡುವಷ್ಟು ಗಿಡ ಒಣಗಿಸಬೇಕು, ಆಮೇಲೆ ನೀರು ಬಿಟ್ಟರೆ ಗಾಬರಿಯಾಗಿ ಒಮ್ಮೆಲೇ ಹೂ ಬಿಡುತ್ತದೆ, ನಮ್ಮ ಹೊರ್ತಿ ಊರಿನ ಸುತ್ತ ಮಾವನ ಕಾಲದಿಂದಲೂ ಹೀಗೇ — ಈ ಸಲ ನಾವು ಪೈಪಿನ ಚಾವಿ ಬಂದ್ ಮಾಡಿದೆವು, ಮೇಲಿನವನು ತನ್ನ ಚಾವಿ ಬಂದ್ ಮಾಡಲಿಲ್ಲ, ಒಣಗಬೇಕಾದ ದಿನಗಳಲ್ಲೆಲ್ಲ ಮಳೆ, ದೀಪಾವಳಿಗೂ ಮಳೆ, ಗಿಡ ತಲೆಕೆಟ್ಟು ಕೂತಿತು, ಹೂ ಬಿಟ್ಟದ್ದು ಈಗ, ಎಳ್ಳಮಾವಾಸ್ಯೆ ದಾಟಿದ ಮೇಲೆ, ಅದೂ ಈ ಸೆಕೆಯಲ್ಲಿ, ಚಳಿಗಾಲದಲ್ಲಿ ಮನೆಯಲ್ಲಿ ಫ್ಯಾನು ತಿರುಗುತ್ತಿದೆ ಎಂದರೆ ಅಮ್ಮ ನಂಬುತ್ತಿದ್ದಳೇ, ಥಂಡಿಗೆ ಸಾಯಬೇಕಾದ ಕೀಡೆಗಳು ಸಾಯದೆ ಮೊಮ್ಮಕ್ಕಳನ್ನು ಕಂಡು ಕೂತಿವೆ. ಬೇಡದ ಹುಳ ಗಿಡದ ತುಂಬ, ಬೇಕಾದ ಹುಳ ಇದೊಂದು, ನನ್ನ ಹೆಬ್ಬೆರಳ ಮೇಲೆ.

ನೆಕ್ಕು, ನೆಕ್ಕು, ಹೊಟ್ಟೆ ತುಂಬ ನೆಕ್ಕು, ಗೂಡಿಗೆ ಹೋಗಿ ನಿನ್ನ ಬಳಗಕ್ಕೆಲ್ಲ ಹೇಳು, ಸಿಹಿ ಕಂಡ ಒಂದು ಹುಳ ಇಡೀ ಗೂಡನ್ನೇ ಕರೆದು ತರುತ್ತದಂತೆ, ಅದಕ್ಕೇ ಅಲ್ಲವೇ ಈ ಬೆಲ್ಲದ ನೀರು, ಹೂವಿಗೆ ಹೊಡೆದರೆ ಜೇನು ಬರುತ್ತವೆ ಎಂದು ಅಮೀರ ಎಲ್ಲಿಂದಲೋ ಕೇಳಿಕೊಂಡು ಬಂದರು, ಕಲಸುವ ಕೆಲಸ ಮಾತ್ರ ನನಗೆ, ಹೆಂಡತಿ ಇರುವುದೇ ಕಲಸಲು. ಎಲ್ಲಾ ಹವಾಮಾನರೀ ಅಕ್ಕಾರ, ನಾವೇನ್ ಮಾಡಾಕಾಕ್ಕೈತಿ, ನಿನ್ನೆಯೂ ಬದುವಿನ ಆಚೆಯಿಂದ ಶ್ರೀವಲ್ಲಭ ಮಾಸ್ತರರ ಅದೇ ಮಾತು, ಆಹಾ, ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಹವಾಮಾನ ಬಂದು ನಿಮ್ಮ ಬದುವನ್ನು ಜೇಸಿಬಿಯಿಂದ ಕೆರೆಯಿತೇ ಮಾಸ್ತರರೇ, ಬೇವು ತಂಗಡಿ ಕವಳಿ ಎಲ್ಲ ಕಿತ್ತು ಗುಡ್ಡೆ ಹಾಕಿ ಬೆಂಕಿಯಿಟ್ಟದ್ದು ಹವಾಮಾನವೇ, ಲಿಂಬೆ ಹೂ ಇಲ್ಲದ ತಿಂಗಳುಗಳಲ್ಲಿ ಜೇನು ಬದುಕಿದ್ದೇ ಆ ಕಂಟಿಗಳ ಹೂವಿನ ಮೇಲೆ, ಈಗ ಗಿಡವಿಲ್ಲ, ಬಿಸಿಗಾಳಿ ತಡೆಯುವವರಿಲ್ಲ, ನೆಲ ರೊಟ್ಟಿಯ ಹಂಚಾಗಿದೆ, ನೆಲ ಕಾದರೆ ಹೂ ಬಾಡುತ್ತದೆ, ಹೂ ಬಾಡಿದರೆ ಹುಳ ಇಲ್ಲ, ಹುಳ ಇಲ್ಲದಿದ್ದರೆ ಕಾಯಿ ಇಲ್ಲ ಬೀಜ ಇಲ್ಲ ಗಿಡ ಇಲ್ಲ, ಗಿಡ ಇಲ್ಲದಿದ್ದರೆ ನೆಲ ಮತ್ತೂ ಕಾಯುತ್ತದೆ, ಗಾಣದೆತ್ತು ಸುತ್ತಿದ ಹಾಗೆ, ಯಾರಿಗೆ ಹೇಳುವುದು. ನಮ್ಮವರೇನು ಕಮ್ಮಿ, ಮಾಸ್ತರರದು ನೋಡಿ ನಮ್ಮ ಕಡೆಯ ಬದುವೂ ಬೋಳು, ಹೊಲಾ ಹ್ಯಾಂಗ ಚೊಕ್ಕ ಕಾಣ್ತೈತಿ ನೋಡ ಕೌಸರ — ಕಾಣುತ್ತದೆ, ಬೋಳಿಸಿದ ತಲೆಯೂ ಚೊಕ್ಕವೇ ಕಾಣುತ್ತದೆ. ಬಾರಿ ಗಿಡವೊಂದು ಉಳಿಯಿತು, ಬೋರೆ ಹಣ್ಣಿನ ಮುಳ್ಳು ಗಿಡ, ಎರಡೂ ಹೊಲಗಳ ಗಡಿ ಅದರ ಬುಡದಲ್ಲೇ ಹಾಯುತ್ತದೆ, ಕಡಿದವನು ಗಡಿ ಒತ್ತಿದ ಎಂದು ಮಾತು ಬರುತ್ತದೆ ಎಂದು ಇಬ್ಬರೂ ಮುಟ್ಟಲಿಲ್ಲ, ಪ್ರೀತಿಯಿಂದಲ್ಲ, ಸಂಶಯದಿಂದ ಉಳಿದ ಗಿಡ, ಅದರ ಟೊಂಗೆಗೆ ಅಂಗೈಯಗಲದ ಒಂದು ಜೇನುಗೂಡು, ಸುತ್ತಮುತ್ತ ಉಳಿದದ್ದು ಅದೊಂದೇ, ನೀನೂ ಅಲ್ಲಿಯವಳೇ, ಹೌದಲ್ಲ. ಎಳ್ಳಮಾವಾಸ್ಯೆಗೆ ನಾವೆಲ್ಲ ಅದರ ನೆರಳಲ್ಲೇ ಉಂಡೆವು, ಸಜ್ಜೆ ಕಡಬು, ಬಜ್ಜಿ ಪಲ್ಲೆ, ಮಾಸ್ತರರ ತಾಯಿ ಜಾನಕಿಬಾಯಿ ಬುಟ್ಟಿ ಮುಂದೆ ಹಿಡಿದು, ಬಾರವಾ ಕೌಸರ, ನೀನೂ ಒಂದ್ ಹಿಡಿ ಚರಗಾ ಚೆಲ್ಲು, ಭೂಮಿತಾಯಿ ಬಸರದಾಳ, ಆಕೀಗ ಜಾತಿ ಐತೇನು, ನಾನೂ ಹಿಡಿ ಅನ್ನ ಹೊಲಕ್ಕೆ ಚೆಲ್ಲಿದೆ, ಬಸುರಿಗೆ ಬಯಕೆಯೂಟ, ಕಣ್ಣು ತುಂಬಿತ್ತು ಮುದುಕಿಗೆ, ಮರುದಿನ ಮಗ ಅದೇ ಹೊಲಕ್ಕೆ ಹುಲ್ಲು ಸಾಯುವ ಎಣ್ಣೆ ಹೊಡೆಸಿದ, ಎಣ್ಣೆ ಎನ್ನುತ್ತಾರೆ, ಔಷಧ ಎನ್ನುತ್ತಾರೆ, ವಿಷ ಎಂದು ಮಾತ್ರ ಯಾರ ಬಾಯಲ್ಲೂ ಬರುವುದಿಲ್ಲ.

ಪಂಪಿನ ಸದ್ದು, ಹೊಡೆಯಲು ಶುರುಮಾಡಿಯೂ ಆಯಿತೇ, ಕಲಸಿ ಡ್ರಮ್ಮಿಗೆ ಸುರಿದು ಇತ್ತ ಕುಳಿತದ್ದಷ್ಟೇ, ಬೇರೆ ಕೆಲಸಕ್ಕೆ ಇಷ್ಟು ಚುರುಕಿಲ್ಲ, ಸದ್ದು ನಿಂತಿತು, ಬಂದರು, ಮುಖಕ್ಕೆ ಟವೆಲು ಕಟ್ಟಿಕೊಂಡಿದ್ದಾರೆ, ಬೆಲ್ಲದ ನೀರಿಗೆ ಮುಖ ಏಕೆ ಕಟ್ಟಬೇಕು, ಏನ್ರೀ, ಮೆಲ್ಲಕ ಬರ್ರಿ, ಇಲ್ಲಿ ನೋಡ್ರಿ, ಹುಳ ಬಂದೈತಿ, ಮಗುವಿನ ಹಾಗೆ ಬಗ್ಗಿ ನೋಡುತ್ತಾರೆ, ಕಣ್ಣಲ್ಲಿ ನಗೆ, ನಾ ಹೇಳಿದ್ನಿಲ್ಲ ಕೌಸರ, ಬೆಲ್ಲಾ ಕೆಲಸಾ ಮಾಡ್ತೈತಿ ಅಂತ, ಮತ್ತ ಕೇಳಿಲ್ಲಿ, ಕೀಡಿ ಎಣ್ಣಿನೂ ಅದ ಡ್ರಮ್ಮಿನ್ಯಾಗ ಕೂಡಿಸೇನಿ, ಎರಡ ಸಲ ಯಾಕ ಪಂಪ್ ಹೊರಬೇಕು, ಒಮ್ಮೆ ಹೊಡದ್ರ ಎರಡೂ ಕೆಲಸ ಆಕ್ಕಾವ — ಟವೆಲಿನಿಂದ ಆ ವಾಸನೆ, ತಲೆ ಹಿಡಿಯುವ ವಾಸನೆ, ಅಲ್ರೀ, ಬರ್ರಿ ಬರ್ರಿ ಅಂತ ಕರದು ವಿಷಾ ಉಣಸ್ತಾರೇನ್ರೀ ಯಾರರ. ಅವರ ಮುಖ ನೋಡುತ್ತಿದ್ದೇನೆ, ಈಗ ತಿಳಿಯುತ್ತಿದೆ ಅವರಿಗೆ, ಈಗ, ಬಾಗಿಲಿಗೆ ಬಂದವರನ್ನು ಚಹಾ ಕುಡಿಸದೆ ಕಳಿಸದ ಮನುಷ್ಯ, ಹಾಳಾಗಲಿ, ಬೈಯಲೂ ಆಗುತ್ತಿಲ್ಲ, ಎಲ್ಲಿ ಹೊಡದೀರಿ, ಎಷ್ಟ ಸಾಲ ಹೊಡದೀರಿ, ಮಾತಾಡ್ರಿ — ಬಾರಿ ಗಿಡದ ಕಡೀ ಸಾಲ ಮೊದಲ ಹೊಡದೇನಿ ಕೌಸರ, ಗೂಡ ಅಲ್ಲೇ ಐತೆಲ್ಲ, ಪಾಪ, ಅವಕ್ಕ ಸಮೀಪ ಆಗಲಿ ಅಂತ.

ಸಮೀಪ ಆಗಲಿ ಅಂತ. ಡ್ರಮ್ಮು ಉರುಳಿಸಬಹುದು, ಉರುಳಿಸಲಿ, ಹೂವಿನ ಮೇಲೆ ಬಿದ್ದದ್ದನ್ನು ಯಾರು ಒರೆಸುತ್ತಾರೆ, ಒಂದೊಂದು ಹೂವನ್ನು ಸೆರಗಿನಿಂದ ಒರೆಸಲೇ, ನೀರು ಹೊಡೀರಿ, ಬರೀ ನೀರು, ಓಡ್ರಿ, ಅವರು ಓಡುತ್ತಿದ್ದಾರೆ, ಚಪ್ಪಲಿ ಒಂದು ಇಲ್ಲೇ ಬಿತ್ತು, ಗಾಳಿ ಆ ಕಡೆಯಿಂದಲೇ, ಬೆಲ್ಲದ ವಾಸನೆ, ನನ್ನ ಕೈಯದೋ ಆ ಸಾಲಿನದೋ, ನನ್ನ ಕೈಯದು ಬರೀ ಬೆಲ್ಲ, ಇದನ್ನೇ ನೆಕ್ಕು, ಇಲ್ಲೇ ಇರು, ನೀನು ಇಲ್ಲಿರುವಷ್ಟು ಹೊತ್ತು ಅಲ್ಲಿಗೆ ಹೋಗುವುದಿಲ್ಲ, ಹೋಗಿ ಯಾರಿಗೂ ಹೇಳುವುದಿಲ್ಲ, ಸಿಹಿಯಿದೆ ಬನ್ನಿ ಎಂದು ಹೇಳಬೇಡ, ನಾನೇ ಹೇಳಿದ್ದು ಹೇಳು ಎಂದು, ಬೇಡ, ಮುಷ್ಟಿ ಮುಚ್ಚಲೇ, ಮುಚ್ಚಿದರೆ ಕುಟುಕುತ್ತದೆ, ಕುಟುಕಿದರೆ ಸಾಯುತ್ತದೆ, ಮುಚ್ಚದಿದ್ದರೆ, ಅಲುಗಿಸಬೇಡ ಕೌಸರ, ಹೆಬ್ಬೆರಳ ಮೇಲೆ ಹಳದಿ ಕಾಲು, ಒಂದು ಕಾಲು ಎತ್ತಿತು, ರೆಕ್ಕೆ ಬಿಚ್ಚಿತು, ಹಳದಿ ಕಾಲು —