ಗೋಂದು ತಣಿಯುವ ಹೊತ್ತು

ಗೋಂದಿನ ಕಾರ್ಖಾನೆಯ ಪ್ರಯೋಗಾಲಯದಲ್ಲಿ ಅತ್ತಿಗೆ, ನಾದಿನಿ ಇಬ್ಬರೂ ಕೆಮಿಸ್ಟುಗಳು. ಮನೆಯಲ್ಲಿ ಒಂದೇ ಒಲೆ, ಇಲ್ಲಿ ಒಂದೇ ಮೇಜು. ಎರಡು ಕಡೆಯೂ ಯಾರ ಕೈ ಮೇಲು ಅನ್ನುವುದು ಇನ್ನೂ ಇತ್ಯರ್ಥವಾಗಿರಲಿಲ್ಲ. ಈಗಂತೂ ಮುಖ್ಯಸ್ಥೆಯ ಹುದ್ದೆ ಖಾಲಿ ಬಿದ್ದು ಇಬ್ಬರ ನಿದ್ದೆಯನ್ನೂ ಕೆಡಿಸಿತ್ತು.

ಅಷ್ಟರಲ್ಲಿ ಜಾಣಪ್ಪ ಬಂದ. ಜಾಣಪ್ಪ ಅಂದರೆ ಕೃತಕ ಬುದ್ಧಿಮತ್ತೆ, ಹೆಸರಿಟ್ಟವಳು ನಾದಿನಿ. ಹಳೆಯ ಪ್ರಯೋಗಗಳನ್ನೆಲ್ಲ ಅರೆದು ಕುಡಿದು, ಗೋಂದು ಗಟ್ಟಿಯಾಗಲು ಏನು ಮಾಡಬೇಕೆಂದು ಹೇಳುವುದು ಅವನ ಕೆಲಸ. ಅವನ ಮೊದಲ ಉತ್ತರ ನೋಡಿ ಮ್ಯಾನೇಜರು ಕನ್ನಡಕ ಒರೆಸಿಕೊಂಡರು. ಅಳತೆಗಿಂತ, ಬಿಸಿಗಿಂತ ಮುಖ್ಯವಾದದ್ದು ಮಾಡುವವರ ಕೈ, ಅತ್ತಿಗೆ ಮಾಡಿದ್ದೇ ಗಟ್ಟಿ ಅಂದಿದ್ದ ಜಾಣಪ್ಪ.

“ನಾಳೆ ಎಲ್ಲರ ಮುಂದೆ ಮಾಡಿ ತೋರ್ಸಿ ಮೇಡಂ. ಗೋಂದು ಹಿಡಿದ್ರೆ ಹುದ್ದೆ ನಿಮ್ಮದೇ,” ಅಂದರು ಮ್ಯಾನೇಜರು.

ಅತ್ತಿಗೆ ಹಿರಿಹಿರಿ ಹಿಗ್ಗಿದಳು. ನಾದಿನಿ ಮೂತಿ ತಿರುವಿದಳು.

ಮರುದಿನ ಅತ್ತಿಗೆ ನಿಯಮ ಚಾಚೂ ತಪ್ಪದೆ, ಬಿಸಿ ಗೋಂದು ತಣಿಯುವವರೆಗೂ ಕಲಕುತ್ತಲೇ ನಿಂತಳು. ಅದನ್ನು ಹಚ್ಚಿ ಒಂದಕ್ಕೊಂದು ಅಂಟಿಸಿ ಒಣಗಿಸಿದ ಲೋಹದ ಪಟ್ಟಿಗಳನ್ನು ಯಂತ್ರ ಎಳೆದದ್ದೇ ತಡ, ಪಟ್ಟನೆ ಬಿಟ್ಟುಕೊಂಡವು. ಒಳಗೆಲ್ಲ ಗಾಳಿಗುಳ್ಳೆ.

“ಏನೋ ಮರ್ತಿದ್ದೀರಿ. ದಿನಾ ಹೇಗೆ ಮಾಡ್ತೀರೋ ಹಾಗೇ ಮಾಡಿ,” ಅಂದರು ಮ್ಯಾನೇಜರು.

ಮರೆತದ್ದು ಫೋನು. ದಿನವೂ ಅತ್ತಿಗೆ ಕಲಕುವ ಕಡ್ಡಿ ಕೆಳಗಿಟ್ಟು, ಬಾಲ್ಕನಿಗೆ ಜಾರಿ, ಅಕ್ಕನಿಗೆ ಫೋನು ಹಚ್ಚುತ್ತಿದ್ದಳು. ಅತ್ತೆಯ ಮೇಲೆ ನಾಲ್ಕು, ನಾದಿನಿಯ ಮೇಲೆ ಎಂಟು ಮಾತು ಆಗುವಷ್ಟರಲ್ಲಿ ಗುಳ್ಳೆಗಳೆಲ್ಲ ತಾವಾಗಿ ಮೇಲೆದ್ದು ಒಡೆದುಹೋಗುತ್ತಿದ್ದವು. ಪಾಪದ ಜಾಣಪ್ಪ ಈ ಮೈಗಳ್ಳತನವನ್ನೇ ಕೈಗುಣ ಅಂದುಕೊಂಡಿದ್ದ. ಹೇಳಿದರೆ ಮಾನ ಹೋಗುತ್ತದೆ, ಹೇಳದಿದ್ದರೆ ಹುದ್ದೆ. ಅತ್ತ ದರಿ, ಇತ್ತ ಪುಲಿ.

ಹೊಸ ಗೋಂದು ಬಿಸಿಯಾದ ಮೇಲೆ ಅವಳು ಮೆಲ್ಲಗೆ ಕಡ್ಡಿ ಕೆಳಗಿಟ್ಟಳು. “ಈಗ ಇದನ್ನ ಸುಮ್ನೆ ಬಿಡ್ಬೇಕು ಸರ್.”

“ಎಷ್ಟು ಹೊತ್ತು?”

“ಅದು... ನನ್ನ ಅಕ್ಕನ ಜೊತೆ ಫೋನಲ್ಲಿ ಮಾತು ಮುಗಿಯೋವರೆಗೆ.”

ಮ್ಯಾನೇಜರಿಗೆ ನಗುವೂ ಬರಲಿಲ್ಲ, ಸಿಟ್ಟೂ ಬರಲಿಲ್ಲ. “ಹಾಗಾದ್ರೆ ಇಲ್ಲೇ ಮಾತಾಡಿ. ವಿಜ್ಞಾನದಲ್ಲಿ ಮುಚ್ಚುಮರೆ ಇರಬಾರದು,” ಎಂದು, ಅವಳು ಅಕ್ಕನಿಗೆ ಫೋನು ಹಚ್ಚಿದೊಡನೆ ತಾವೇ ಸ್ಪೀಕರ್ ಒತ್ತಿದರು.

“ಏನೇ, ಇವತ್ತು ನಿಮ್ಮತ್ತೆದೇನು ರಗಳೆ? ಆ ನಾದಿನಿ ಮತ್ತೆ ಚಾಡಿ ಹೇಳಿದ್ಲಾ?” ಅಕ್ಕನ ದನಿ ಪ್ರಯೋಗಾಲಯವನ್ನೆಲ್ಲ ತುಂಬಿತು.

ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು ಅತ್ತಿಗೆಗೆ. ಹುದ್ದೆ ಹಾಳಾಗಲಿ, ಸಂಜೆ ಈ ಮುಖ ಹೊತ್ತು ಅದೇ ಮನೆಗೆ ಹೋಗಬೇಕಲ್ಲ! ಫೋನು ಇಡಲು ಕೈಚಾಚಿದಳು. ನಾದಿನಿ ಆ ಕೈ ಹಿಡಿದುಕೊಂಡಳು.

“ಇಡಬೇಡಿ ಅತ್ತಿಗೆ, ಗೋಂದು ಕೆಡುತ್ತೆ.” ಕುರ್ಚಿ ಎಳೆದುಕೊಂಡು ಫೋನಿನತ್ತ ಬಾಗಿದಳು. “ಅಕ್ಕಾ, ನಾನೇ ಆ ನಾದಿನಿ. ಚಾಡಿ ನಾನಾಗಿ ಹೇಳಿದ್ದಲ್ಲ, ಅಮ್ಮ ಬಾಯಿ ಬಿಡಿಸಿದ್ದು. ನಮ್ಮಮ್ಮನ ಕಾಟ ನಿಮ್ಮ ತಂಗಿಗೊಬ್ಬಳಿಗೇ ಅಂದ್ಕೊಂಡ್ರಾ? ನಾನು ಹುಟ್ಟಿದಾಗಿಂದ ಅನುಭವಿಸ್ತಿದ್ದೀನಿ. ಕೇಳಿ ಇಲ್ಲಿ!”

ಅತ್ತಿಗೆ ಬೆರಗಾಗಿ ಕೇಳುತ್ತ ಕೂತಳು. ಇಷ್ಟು ವರ್ಷ ಇವಳೂ ತನ್ನ ಕಡೆಯವಳೇ ಎಂದು ಗೊತ್ತಾಗಲಿಲ್ಲವಲ್ಲ ಎಂದು ಸಂಕಟವಾಯಿತು, ನಗುವೂ ಬಂತು.

ಮಾತು ಮುಗಿಯುವಾಗ ಗೋಂದಿನಲ್ಲಿ ಒಂದು ಗುಳ್ಳೆಯೂ ಉಳಿದಿರಲಿಲ್ಲ. ಈ ಸಲ ಯಂತ್ರ ಎಷ್ಟು ಎಳೆದರೂ ಪಟ್ಟಿಗಳು ಜಪ್ಪಯ್ಯ ಅನ್ನಲಿಲ್ಲ. ಮ್ಯಾನೇಜರು ಜಾಣಪ್ಪನ ಮುಂದೆ ಕೂತರು. “ಮಾಡಿದವರು ಯಾರು ಅಂತ ಹಾಕ್ಲಿ ಮೇಡಂ?”

ಅತ್ತಿಗೆ ನಾದಿನಿಯ ಕಡೆ ನೋಡಿದಳು. “ನನ್ನ ನಾದಿನಿ ಹೆಸರು ಹಾಕಿ ಸರ್,” ಅಂದಳು. “ಇವತ್ತು ಮಾತಾಡಿದ್ದೆಲ್ಲ ಅವಳೇ.”