ಕೆಂಪು ಬಲೂನು

“ಗಿರಾಕಿ ಆಮೇಲೆ. ಮೊದಲು ಇದಕ್ಕೆ ಗಡ್ಡ ಮಾಡು,” ಎಂದು ಮಗಳು ಊದಿದ ಕೆಂಪು ಬಲೂನೊಂದನ್ನು ಅಪ್ಪನ ಮುಂದೆ ಹಿಡಿದಳು. ಅದಕ್ಕೆ ಆಗಲೇ ಸೋಪಿನ ನೊರೆ ಬಳಿದಾಗಿತ್ತು.

ಕ್ಷೌರಿಕನಿಗೆ ಮೈಯೆಲ್ಲ ಉರಿಯಿತು. ಬಲಗೈ ಮಣಿಕಟ್ಟಿನ ಆಪರೇಷನ್ ಆಗಿ, ಹೊಲಿಗೆ ಬಿಚ್ಚಿಸಿಕೊಂಡು, ಇವತ್ತೇ ಅಂಗಡಿಗೆ ಕಾಲಿಟ್ಟಿದ್ದ. ಇಷ್ಟು ದಿನ ಮಗಳೊಬ್ಬಳೇ ಅಂಗಡಿ ನಡೆಸಿದ್ದಳು. ಕುರ್ಚಿಯಲ್ಲಿ ಎದುರಂಗಡಿಯ ಗಡಿಯಾರ ರಿಪೇರಿಯವನು ಕೂತಿದ್ದ. ಗೆಳೆಯ ಬರುವ ತನಕ ಗಡ್ಡ ಯಾರ ಕೈಗೂ ಕೊಡುವುದಿಲ್ಲವೆಂದು ಹಟ ಹಿಡಿದು, ಈಗ ಗುರುತೇ ಸಿಗದಂತಾಗಿದ್ದ.

“ನಿನಗೆ ಕತ್ತಿ ಹಿಡಿಯೋದು ಕಲಿಸಿದವನು ನಾನು ಕಣೇ!”

“ಅದಕ್ಕೇ ಹೇಳ್ತಿರೋದು. ಬಲೂನು ಒಡೆಯೋರು ಮನುಷ್ಯರ ಕತ್ತು ಮುಟ್ಟಬಾರದು ಅಂತ ಹೇಳಿಕೊಟ್ಟಿದ್ದು ನೀನೇ ತಾನೆ?”

“ಸರಿಯಾಗಿ ಸಿಕ್ಕಿಬಿದ್ದೆ ನೋಡು!” ಗಡ್ಡದೊಳಗಿಂದ ನಗು ಬಂತು. “ಬೇಗ ಮುಗಿಸಯ್ಯ. ಹೆಂಡತಿ ನನ್ನನ್ನ ಮನೆಯೊಳಗೇ ಸೇರಿಸ್ತಿಲ್ಲ.”

ಕ್ಷೌರಿಕ ಕತ್ತಿ ಬಿಚ್ಚಿದ. ಹೆಬ್ಬೆರಳಿನ ಹಿಡಿತ ಇನ್ನೂ ಪೂರ್ತಿ ಬಂದಿರಲಿಲ್ಲ. ಬಿಗಿ ಮಾಡಲು ಹೋಗಿ ಒತ್ತಿದ್ದೇ ತಡ, ಬಲೂನು ಢಬ್ಬೆಂದು ಒಡೆದು ಮೂವರ ಮುಖಕ್ಕೂ ನೊರೆ ಹಾರಿತು. ಯಾರೂ ನಗಲಿಲ್ಲ. ಈ ಕೈ ಇನ್ನು ಕತ್ತಿ ಹಿಡಿಯದಿದ್ದರೆ ತಾನು ಯಾತಕ್ಕೂ ಬೇಡವಾದೆನಲ್ಲ ಎಂದು ಅವನಿಗೆ ಅನ್ನಿಸಿತು.

ನಾಳೆ ನೋಡೋಣ ಎಂದು ಮಗಳು ಹೇಳಲಿಲ್ಲ. ಮುಖ ಒರೆಸಿಕೊಂಡು ಇನ್ನೊಂದು ಬಲೂನು ಊದತೊಡಗಿದಳು. ಕಲಿಯುವಾಗ ಅವಳು ಬಿಕ್ಕಿ ಬಿಕ್ಕಿ ಅಳುತ್ತಿದ್ದರೂ ತಾನು ಹೀಗೇ ಒಂದಾದ ಮೇಲೊಂದು ಊದಿಕೊಟ್ಟದ್ದು ಅವನಿಗೆ ನೆನಪಾಯಿತು. ಭಲೇ ನನ್ನ ಮಗಳೇ ಎಂದುಕೊಂಡ.

ಈ ಸಲ ಒತ್ತಲಿಲ್ಲ. ಕತ್ತಿಯ ಭಾರಕ್ಕೇ ಕೆಲಸ ಬಿಟ್ಟು ಮೆಲ್ಲಗೆ ಎಳೆದ. ನೊರೆ ಪಟ್ಟೆ ಪಟ್ಟೆಯಾಗಿ ಬಂತು. ಕೊನೆಗೆ ಗಂಟಿನ ಸಂದಿಯಲ್ಲಿದ್ದದ್ದನ್ನೂ ತೆಗೆದ.

ಮಗಳು ಬಲೂನನ್ನು ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದಳು. “ಹೂಂ, ಪರವಾಗಿಲ್ಲ,” ಎಂದಳು. ಅವನೂ ಅವಳಿಗೆ ಅಂದು ಹೇಳಿದ್ದು ಅಷ್ಟೇ. ಕನ್ನಡಿಯ ಪಕ್ಕ, ಅವಳ ಮೊದಲ ಬಲೂನನ್ನು ಅವನು ತೂಗುಹಾಕಿದ್ದ ಮೊಳೆಗೇ ಇದನ್ನೂ ಕಟ್ಟಿದಳು.

ಒಡೆದದ್ದರ ಚೂರುಗಳು ಇನ್ನೂ ನೆಲದ ಮೇಲೇ ಇದ್ದವು. ಗಡಿಯಾರದವನು ಅವನ್ನೊಮ್ಮೆ ನೋಡಿದ, ಗೆಳೆಯನ ಕೈಯನ್ನೊಮ್ಮೆ ನೋಡಿದ. ಆಮೇಲೆ ಹಿಂದಕ್ಕೊರಗಿ, ಕಣ್ಣು ಮುಚ್ಚಿ, ಕತ್ತು ಒಡ್ಡಿದ.