ದೀಪಾಲಿ ಈಗ ತೇಕುವುದಿಲ್ಲ

"ಕಾಕಾ, ಜರಾ ಅಲುಗಾಡದಂಗ ನಿಂದರ್ರಿ. ಚಪ್ಪಲಿ ಸಪ್ಪಳ ಮೈಕಿನ್ಯಾಗ ಬರಾಕತ್ತದ," ಎಂದು ಸ್ಟುಡಿಯೊದ ಶೈಲೇಶ ಗಾಜಿನ ಆಚೆಯಿಂದ ಕೈ ಎತ್ತಿದ.

ಲಾಲಪ್ಪ ಚಪ್ಪಲಿ ಕಳಚಿ ಮೂಲೆಗೆ ಒದ್ದ. ಬರಿಗಾಲಲ್ಲಿ ನಿಂತರೂ ಆ ಮೈ ಸುಮ್ಮನಿರಬೇಕಲ್ಲ! ಮೂವತ್ತು ವರ್ಷ ಊರೂರು ತಿರುಗಿ, ಕಟ್ಟೆಯ ಮೇಲೆ, ಟ್ರ್ಯಾಕ್ಟರಿನ ಟ್ರಾಲಿಯ ಮೇಲೆ, ಶಾಲೆಯ ಅಂಗಳದಲ್ಲಿ ಕುಣಿದು ಹಾಡಿದ ಮನುಷ್ಯ. ಬಸವಕಲ್ಯಾಣದ ಕೋಟೆ ರಸ್ತೆಯಲ್ಲಿ, ಮೊಬೈಲ್ ಅಂಗಡಿಯ ಮೇಲಿನ ಈ ಕೋಣೆಯಲ್ಲಿ ಅವನಿಗೆ ಉಸಿರು ಕಟ್ಟಿದಂತಾಗುತ್ತಿತ್ತು. ಗೋಡೆಗೆಲ್ಲ ಮೊಟ್ಟೆಯ ಟ್ರೇ ಬಡಿದಿದ್ದರು. ಸದ್ದು ಬರುತ್ತದೆಂದು ಫ್ಯಾನು ಬಂದ್. ಎದುರಿಗೆ ಒಂದು ನರಪಿಳ್ಳೆಯೂ ಇಲ್ಲ. ಮೊಟ್ಟೆಯ ಟ್ರೇಗೆ ಹಾಡಿದರೆ ಅದು ಅತ್ತೀತೇ, ಚಪ್ಪಾಳೆ ತಟ್ಟೀತೇ?

ಆದರೂ ಹಾಡಲೇಬೇಕಿತ್ತು. ಹುಮನಾಬಾದಿನಲ್ಲಿ ಆಟೊ ನಡೆಸುತ್ತಿದ್ದ ನರಸಿಂಗನ ಎರಡೂ ಕಿಡ್ನಿ ಕೈಕೊಟ್ಟಿದ್ದವು. ಅವನ ಚಿಕಿತ್ಸೆಗೆ ದುಡ್ಡು ಕೂಡಿಸಲು ಸಂಜೆ ಪಕ್ಕದ ಮಾಣಿಕನಗರದಲ್ಲಿ ಹಾಡಿಕೆ ಇತ್ತು. ಅಷ್ಟರೊಳಗೆ ಹೊಸ ಹಾಡು ನಾಲ್ಕು ಜನರ ಫೋನಿಗೆ ಮುಟ್ಟಲಿ ಎಂದು ಬೆಳಿಗ್ಗೆಯೇ ರೆಕಾರ್ಡಿಂಗಿಗೆ ಬಂದಿದ್ದರು. ಇಂಥ ಹಾಡು ಕಟ್ಟುವುದಕ್ಕೆ ಲಾಲಪ್ಪನದೇ ಒಂದು ರೀತಿ ಇತ್ತು. ಮೊದಲು ರೋಗಿಯ ಮನೆಗೆ ಹೋಗುವುದು, ಚಾ ಕುಡಿಯುವುದು, ಏನು ಉಂಡೆ, ಎಲ್ಲಿ ನೋವು, ಯಾರು ನೆನಪಾಗುತ್ತಾರೆ ಎಂದೆಲ್ಲ ಕೇಳುವುದು. ಆಮೇಲೆ ಹೆಸರು, ಊರು, ತಂದೆಯ ಹೆಸರು ಸಮೇತ ಹಾಡಿನಲ್ಲಿ ಕೂರಿಸುವುದು. "ಹೆಸರಿಲ್ಲದ ದುಃಖಕ್ಕ ಯಾರೂ ಕಿಸೆದಾಗ ಕೈ ಹಾಕಂಗಿಲ್ಲ," ಎಂದು ಅವನು ಹೆಂಡತಿಗೆ ಎಷ್ಟು ಸಲ ಹೇಳಿದ್ದನೋ.

ಆ ಹೆಂಡತಿ ಶೇವಂತಾಬಾಯಿಯೇ ಈಗ ಬಾಗಿಲು ತಳ್ಳಿ ಒಳಗೆ ಇಣುಕಿದಳು. ಮೇಳದಲ್ಲಿ ತಾಳ ಹಿಡಿದು ಹಿಂದಿನಿಂದ ದನಿಗೂಡಿಸುವವಳು ಅವಳು.

"ಕೊಡಂಬಲದಿಂದ ಧೂಳಮ್ಮ ಬಂದಾಳ. ಸಂಗಾಟ ಮಗಳೂ ಅದಾಳ."

ಲಾಲಪ್ಪ ಹೆಡ್‌ಫೋನು ಕಿತ್ತಿಟ್ಟು ಹೊರಗೆ ಧಾವಿಸಿದ. "ಕಾಕಾ, ಇನ್ನೊಂದೇ ನುಡಿ ಇತ್ತಲ್ರಿ!" ಎಂದು ಶೈಲೇಶ ಕೂಗಿದ್ದು ಅವನ ಕಿವಿಗೆ ಬೀಳಲಿಲ್ಲ.

ಮೆಟ್ಟಿಲ ಮೇಲೆ ಧೂಳಮ್ಮ ಸೆರಗು ಹೊದ್ದು ಕೂತಿದ್ದಳು. ಪಕ್ಕದಲ್ಲಿ ಗೋಡೆಗೆ ಒರಗಿ ಎತ್ತರದ ಒಬ್ಬ ಹುಡುಗಿ ನಿಂತಿದ್ದಳು. ಎಣ್ಣೆ ಹಚ್ಚಿ ಬಿಗಿದು ಕಟ್ಟಿದ ಜಡೆ, ಚೂಡಿದಾರದ ಕೆಳಗೆ ಆಟದ ಬೂಟು. ಎಂಟು ವರ್ಷದ ಹಿಂದೆ ಲಾಲಪ್ಪ ಅವರ ಮನೆಗೆ ಹೋದಾಗ ಈ ಹುಡುಗಿ ಅಪ್ಪನ ಕಂಬಳಿಯಲ್ಲಿ ಮುದುಡಿಕೊಂಡಿದ್ದಳು. ಹೃದಯದಲ್ಲಿ ರಂಧ್ರ, ತುಟಿ ನೀಲಿ, ನಾಲ್ಕು ಹೆಜ್ಜೆಗೇ ಏದುಸಿರು. ಅಂದು ಕಟ್ಟಿದ ಹಾಡು ಅದು:

ಮುಂದ ಮುಂದ ಓಡತಾವ ಕುರಿಮರಿ
ಹಿಂದ ನಿಂತು ತೇಕತಾಳ ದೀಪಾಲಿ

ಆ ಎರಡು ಸಾಲು ಹೊಗದ ಊರಿಲ್ಲ. ಚಿಟಗುಪ್ಪದಲ್ಲಿ ಜನ ಅತ್ತರು, ಬೀದರಿನಲ್ಲಿ ಅತ್ತರು, ದುಡ್ಡು ಕೂಡಿತು, ಆಪರೇಷನ್ ಆಯಿತು, ಹುಡುಗಿ ಬದುಕಿದಳು. ಹಾಡೂ ಬದುಕಿತು. ಆಮೇಲೆ ಲಾಲಪ್ಪ ಎಲ್ಲಿಗೇ ಹೋಗಲಿ, ಯಾರ ಸಲುವಾಗಿಯೇ ಹಾಡಲಿ, ಕೊನೆಗೆ ಜನ ಕೇಳುವುದು ಅದನ್ನೇ.

"ಅಬಬಾ! ಇದು ನನ್ನ ಕೂಸೇನು!" ಎಂದು ಅವನು ಹುಡುಗಿಯ ತಲೆಯ ಮೇಲೆ ಕೈಯಿಟ್ಟ. ಶಾಲು ಹೊದಿಸಿ ಉಪಕಾರ ನೆನೆಯಲು ಬಂದಿರಬೇಕೆಂದು ಅವನ ಕಣ್ಣು ಧೂಳಮ್ಮನ ಕೈಚೀಲದ ಕಡೆಗೂ ಒಮ್ಮೆ ಹೋಯಿತು. ಕಲಾವಿದ ಎಂದ ಮೇಲೆ ಆ ಆಸೆ ಇಲ್ಲದೆ ಇರುತ್ತದೆಯೇ?

"ಅಣ್ಣಾ, ನೀವ್ ಮಾಡಿದ್ದು ಸಾಯೋತನಕ ಮರಿಯಂಗಿಲ್ಲ," ಎಂದಳು ಧೂಳಮ್ಮ. "ಆದ್ರ ಮಾತು ಹ್ಯಾಂಗ ತೆಗೀಬೇಕೋ ತಿಳೀವಲ್ದು."

"ನೀ ಬಿಡವ್ವಾ, ನಾ ಹೇಳ್ತೀನಿ," ಎಂದಳು ಹುಡುಗಿ. "ಕಾಕಾ, ಆ ಹಾಡು ಬಂದ್ ಮಾಡ್ರಿ."

ಲಾಲಪ್ಪ ನಕ್ಕ. ಚೇಷ್ಟೆ ಎಂದುಕೊಂಡ. ಹುಡುಗಿ ನಗಲಿಲ್ಲ.

"ಕಾಲೇಜಿನ ಕಬಡ್ಡಿ ಟೀಮಿನ್ಯಾಗ ಇದ್ದೆ ರೀ. ರೇಡಿಂಗಿಗಿ ನಾನೇ ಹೋಗ್ತಿದ್ದೆ. ಗೆರಿ ದಾಟಿದ್ದೇ ತಡ, ಆಚೀ ಕಡಿ ಮಂದಿ ಚಪ್ಪಾಳಿ ಹೊಡದು ಶುರು ಮಾಡ್ತಾರ, ಹಿಂದ ನಿಂತು ತೇಕತಾಳ ದೀಪಾಲಿ ಅಂತ. ನಮ್ಮ ಟೀಮಿನವರೂ ನಗ್ತಾರ. ಈ ವರ್ಷ ಸರ್ ನನ್ನ ಹೆಸರೇ ತೆಗದ್ರು. ಡಾಕ್ಟರ್ ಚೀಟಿ ತೋರ್ಸಿದೆ. ಚೀಟಿ ಇರ್ಲಿವ್ವಾ, ಹಾಡು ಊರಿಗೆಲ್ಲ ಗೊತ್ತದ, ನಾಳಿ ಏನರೆ ಆದ್ರ ಯಾರು ಜವಾಬ್ದಾರಿ ಅಂದ್ರು."

"ಆಕೀದು ಕಬಡ್ಡಿ ಚಿಂತಿ, ನಂದು ಲಗ್ನದ ಚಿಂತಿ," ಎಂದು ಧೂಳಮ್ಮ ಸೇರಿಸಿದಳು. "ನೋಡಾಕ ಬಂದೋರು ಚಾ ಕುಡದು ಮೆಲ್ಲಕ ಕೇಳ್ತಾರ, ಹಾಡಿನ್ಯಾಗಿನ ದೀಪಾಲಿ ಈಕೀನೇ ಏನ್ರಿ ಅಂತ. ಮತ್ತ ಈ ಕಡಿ ಮಾರಿ ಹಾಕಂಗಿಲ್ಲ."

"ನಾ ಈಗ ತೇಕಂಗಿಲ್ರಿ ಕಾಕಾ," ಎಂದಳು ಹುಡುಗಿ. ಯಾರಾದರೂ ಏನಾದರೂ ಅನ್ನುವ ಮೊದಲೇ ಗಟ್ಟಿಯಾಗಿ ಒಮ್ಮೆ ಉಸಿರೆಳೆದುಕೊಂಡು "ಕಬಡ್ಡಿ ಕಬಡ್ಡಿ ಕಬಡ್ಡಿ" ಎನ್ನುತ್ತ ಮೆಟ್ಟಿಲಿಳಿದು ಓಡಿದಳು. ರಸ್ತೆಯಲ್ಲಿ ನಿಂತಿದ್ದ ಹಣ್ಣಿನ ತಳ್ಳುಗಾಡಿಯನ್ನು ಮುಟ್ಟಿದಳು. ಹಣ್ಣಿನವನು ಬೆರಗಾಗಿ ನೋಡುತ್ತಿದ್ದಂತೆ ತಿರುಗಿ ಅದೇ ಉಸಿರಿನಲ್ಲಿ ಮೇಲಕ್ಕೆ ಬಂದು ಲಾಲಪ್ಪನ ಎದೆಗೆ ಬೆರಳು ತಾಗಿಸಿ ನಿಂತಳು. ದನಿ ಎಲ್ಲೂ ಕಡಿದಿರಲಿಲ್ಲ.

ಲಾಲಪ್ಪನಿಗೆ ಖುಷಿಯೂ ಆಯಿತು, ಎಲ್ಲೋ ಚುಚ್ಚಿದಂತೆಯೂ ಆಯಿತು. ಚುಚ್ಚಿದ್ದೇ ಮೊದಲು ಬಾಯಿಗೆ ಬಂತು. "ಆ ಹಾಡು ಇಲ್ಲದಿದ್ರ ನೀ ಇವತ್ತ ಹಿಂಗ ಓಡ್ತಿದ್ದೇನವ್ವಾ?"

"ಇಲ್ರಿ. ಅದಕ್ಕೇ ಎಂಟು ವರ್ಷ ಸುಮ್ಮನ ಕೇಳೀನಿ."

ಅವನು ತಲೆ ತಗ್ಗಿಸಿದ. ಇಂಥ ಮಾತು ಆಡಬಾರದಿತ್ತು ಎಂದು ನಾಚಿಕೆಯಾಯಿತು. ಒಳಗೆ ಹೋಗಿ, ಆ ಹಾಡು ಹಾಕಿದ ಚಾನೆಲ್ಲು ನಿನ್ನದೇ ಅಲ್ಲವೇ, ತೆಗೆದುಹಾಕು ಎಂದು ಶೈಲೇಶನಿಗೆ ಹೇಳಿದ. ಶೈಲೇಶ ಕೆಟ್ಟವನಲ್ಲ, ಆದರೆ ನಕ್ಕುಬಿಟ್ಟ. "ನಾ ತೆಗದ್ರ ಏನ್ ಆಗ್ತದ್ರಿ ಕಾಕಾ? ಡಿಜೆ ಮಾಡಿ ಹಾಕ್ಯಾರ, ರಿಂಗ್‌ಟೋನ್ ಮಾಡ್ಕೊಂಡಾರ. ಎಲ್ಲೆಲ್ಲಿ ಹುಡಕ್ತೀರಿ?"

ಲಾಲಪ್ಪ ಹೊರಗೆ ಬಂದ. "ಯವ್ವಾ, ಫೋನು ನನ್ನ ಕೈಯಾಗಿಲ್ಲ. ಬಾಯಿ ಅದ. ಇನ್ನ ಮ್ಯಾಲ ನನ್ನ ಬಾಯಿಂದ ನಿನ್ನ ಹೆಸರು ಬರಂಗಿಲ್ಲ. ಸಂಜೀಕ ಮಾಣಿಕನಗರಕ್ಕ ಬಾ, ನೀನೇ ಕುಂತು ಕೇಳು."

"ಬರ್ತೀನ್ರಿ," ಎಂದಳು ದೀಪಾಲಿ. ಮೊದಲ ಸಲ ಅವಳ ಮುಖದಲ್ಲಿ ನಗೆ ಕಂಡಿತು.

ಹುಮನಾಬಾದಿಗೆ ಹೋಗುವ ಕ್ರೂಸರ್ ಜೀಪಿನಲ್ಲಿ ಲಾಲಪ್ಪ ಒಂದು ಕಡೆ ಕೂತರೆ ಕೇಳಿ. ಕಿಟಕಿ ತೆರೆದ, ಮುಚ್ಚಿದ, ಹಾಡಿನ ಜೊತೆ ಬಾರಿಸುವ ದಮ್ಮಡಿಯನ್ನು ಚೀಲದಿಂದ ತೆಗೆದ, ಮತ್ತೆ ಇಟ್ಟ.

"ಇರಿವಿ ಕಡದಾವೇನು?" ಎಂದಳು ಶೇವಂತಾಬಾಯಿ.

"ಇಷ್ಟು ಹಾಡು ಕಟ್ಟೀನಿ. ಜನರಿಗಿ ಗೊತ್ತಿರೋದು ಅದೊಂದೇ. ಅದೂ ಹೋಯ್ತು ನೋಡು."

"ಬಿಡು, ನರಸಿಂಗಂದು ಮಂದಿ ಬಾಯಿಗಿ ಹತ್ತಿದ್ರ ಅದನ್ನೇ ಕೇಳ್ತಾರ."

"ಹತ್ತಬೇಕಲ್ಲ," ಎಂದ ಲಾಲಪ್ಪ. ಹುಮನಾಬಾದಿನಲ್ಲಿ ಇಳಿದಾಗ ಎದುರಿಗೆ ಹಾದುಹೋದ ಆಟೊದಲ್ಲಿ ದೀಪಾಲಿಯ ಹಾಡೇ ಧಡಧಡ ಬಡಿಯುತ್ತಿತ್ತು. ಅವನು ಕಿವಿಯ ಮೇಲೆ ಟವೆಲ್ಲು ಸುತ್ತಿಕೊಂಡ.

ಹಾಡಿಕೆಗೆ ಓಡಾಡಿದವಳು ಮಾಣಿಕನಗರದಲ್ಲಿ ಬಳೆ ಅಂಗಡಿ ಇಟ್ಟ ಹಜಿರಾ ಬೀ. ಸಂತೆಯಿಂದ ಸಂತೆಗೆ ಅವಳ ಬಳೆಯ ಪೆಟ್ಟಿಗೆಗಳನ್ನು ಒಂದೂ ಒಡೆಯದಂತೆ ಸಾಗಿಸಿದವನು ನರಸಿಂಗ. ಆ ಋಣಕ್ಕೆ ಅವಳು ಶಾಮಿಯಾನ ಹಾಕಿಸಿದ್ದಳು, ಮೈಕು ತರಿಸಿದ್ದಳು, ಬಿಳಿ ಬಟ್ಟೆಯ ದೊಡ್ಡ ಜೋಳಿಗೆ ಹೊಲಿಸಿದ್ದಳು. ವೇದಿಕೆಯ ಕೆಳಗೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ನರಸಿಂಗ ಬಾತ ಕಾಲುಗಳನ್ನು ಚಾಚಿ ಕೂತಿದ್ದ. ಬಿಸಿಲು ಇಳಿದಂತೆ ಜನ ಕೂಡಿದರು. ಹೆಂಗಸರ ಸಾಲಿನಲ್ಲಿ, ಕಂಬದ ಪಕ್ಕ, ಧೂಳಮ್ಮನೂ ದೀಪಾಲಿಯೂ ಬಂದು ಕೂತದ್ದು ಲಾಲಪ್ಪನಿಗೆ ಕಾಣಿಸಿತು. ಬೇರೆ ಯಾರಿಗೂ ಅವಳ ಗುರುತು ಹತ್ತಲಿಲ್ಲ. ಜನರ ಕಣ್ಣಲ್ಲಿ ದೀಪಾಲಿ ಎಂದರೆ ಇನ್ನೂ ಕಂಬಳಿಯೊಳಗಿನ ಆ ಕೂಸೇ.

ಬುದ್ಧವಂದನೆ, ಭೀಮವಂದನೆ ಆದ ಮೇಲೆ ಲಾಲಪ್ಪ ನರಸಿಂಗನ ಹಾಡು ಎತ್ತಿದ. ಬೆವರು ಸುರಿಸಿ ಹಾಡಿದ. ಢೋಲಕಿಯ ಸುಮೇಧ ಬೆರಳು ಮುರಿಯುವಂತೆ ಬಾರಿಸಿದ. ಹಾಡು ಚೆನ್ನಾಗಿಯೇ ಇತ್ತು, ಆದರೆ ಹೊಸದು. ಜನ ಕೇಳಿದರು, ತಲೆಯಾಡಿಸಿದರು, ಮುಂದೇನು ಎಂಬಂತೆ ಕೂತರು. ಹಜಿರಾ ಬೀ ಜೋಳಿಗೆ ಹಿಡಿದು ಸಾಲಿನ ನಡುವೆ ನಡೆದಳು. ಬಟ್ಟೆ ಗಾಳಿಗೆ ಹಾರುವಷ್ಟು ಹಗುರಾಗಿತ್ತು.

ಹಿಂದಿನಿಂದ ಯಾರೋ ಒದರಿದರು: "ದೀಪಾಲಿ ಹಾಡು ಹೇಳ್ರಿ!" ಇನ್ನೊಬ್ಬ ಸಿಳ್ಳೆ ಹಾಕಿದ. ಆಮೇಲೆ ಎಲ್ಲ ಕಡೆಯಿಂದಲೂ ಅದೇ.

ಲಾಲಪ್ಪ ಬೇರೆ ಹಾಡು ಎತ್ತಿದ. ಮತ್ತೊಂದು ಎತ್ತಿದ. ನಾಲ್ಕು ಜನ ಎದ್ದು ಮನೆಯ ದಾರಿ ಹಿಡಿದರು.

ಹಜಿರಾ ಬೀ ವೇದಿಕೆಯ ಅಂಚಿಗೆ ಬಂದಳು. "ಲಾಲಪ್ಪ ಭಾಯ್, ಜೋಳಿಗಿ ಖಾಲಿ ಅದ. ಮಂದಿ ಎದ್ದು ಹೊಂಟದ. ಯಾಕ ಹಟ ಮಾಡಾಕತ್ತೀರಿ? ಒಂದೇ ಸಲ ಹಾಡ್ರಿ ಬಾಬಾ."

ಕುರ್ಚಿಯಲ್ಲಿದ್ದ ನರಸಿಂಗ ಕತ್ತೆತ್ತಿ ನೋಡಿದ. "ನಂದೂ ಹಾಡು ಛಲೋನೇ ಅದ ಅಣ್ಣಾ," ಎಂದ, ತಪ್ಪು ತನ್ನದೇ ಎಂಬಂತೆ. "ಮಂದೀಗಿ ಇನ್ನಾ ರೂಢಿ ಆಗಿಲ್ಲ, ಅಷ್ಟೇ."

ಲಾಲಪ್ಪ ವೇದಿಕೆಯ ಈ ತುದಿಯಿಂದ ಆ ತುದಿಗೆ ನಡೆದ. ಒಂದು ಕಡೆ ಈ ಬಾತ ಕಾಲು, ಇನ್ನೊಂದು ಕಡೆ ಕಂಬದ ಪಕ್ಕದ ಆ ಹುಡುಗಿ. ಎಲ್ಲಿಗೆ ಓಡಿಹೋಗಲಿ ಎನಿಸಿತು.

ಶೇವಂತಾಬಾಯಿ ನೀರಿನ ಬಾಟಲಿ ಕೊಡುವ ನೆಪದಲ್ಲಿ ಹತ್ತಿರ ಬಂದಳು. "ಹೆಸರು ನುಂಗಿ ಹಾಡು. ಊರೂ ಬ್ಯಾಡ, ಅಪ್ಪನ ಹೆಸರೂ ಬ್ಯಾಡ. ಹೆಸರು ಬರೋ ಜಾಗಾದಾಗ ಸುಮೇಧ ಢೋಲಕಿ ಬಡೀಲಿ. ನೀ ಮಾತು ತಪ್ಪಿದಂಗೂ ಆಗಂಗಿಲ್ಲ."

ಎಂಥ ತಲೆ ಇವಳದು! ಲಾಲಪ್ಪನಿಗೆ ಹೋದ ಜೀವ ಬಂದಂತಾಯಿತು. ಬಾಯಿಂದ ಹೆಸರು ಬರುವುದಿಲ್ಲ ಎಂದಿದ್ದೆ, ಬರುವುದಿಲ್ಲ. ಅವನು ದೀಪಾಲಿಯ ಕಡೆ ನೋಡಿ, ಹೆದರಬೇಡ ಎನ್ನುವಂತೆ ಕೈ ತೋರಿಸಿದ. ಅವಳಿಗೆ ಅರ್ಥವಾಯಿತೋ ಇಲ್ಲವೋ. ದಮ್ಮಡಿ ಎತ್ತಿ ಬಾರಿಸಿದ. ರಾಗದ ಮೊದಲ ಎಳೆಗೇ ಜನ ಹೋ ಎಂದರು. ಎದ್ದು ಹೋದವರು ಓಡೋಡಿ ಬಂದರು.

ಮುಂದ ಮುಂದ ಓಡತಾವ ಕುರಿಮರಿ
ಹಿಂದ ನಿಂತು ತೇಕತಾಳ...

ಲಾಲಪ್ಪ ಬಾಯಿ ಮುಚ್ಚಿದ. ಢೋಲಕಿ ಬೀಳುವ ಮೊದಲೇ ಶಾಮಿಯಾನವೆಲ್ಲ ಒಂದೇ ದನಿಯಲ್ಲಿ ಕೂಗಿತು:

"ದೀಪಾಲಿ!"

ಅವನು ಎರಡನೆಯ ಸಲ ಆ ಜಾಗ ಬರುವ ಮೊದಲು ಕೈ ಅಡ್ಡ ಮಾಡಿ, ಬೇಡ ಬೇಡ ಎಂದು ತಲೆಯಾಡಿಸಿದ. ಕಲಾವಿದ ತಮ್ಮನ್ನು ಆಟಕ್ಕೆ ಕರೆಯುತ್ತಿದ್ದಾನೆ ಎಂದುಕೊಂಡರು ಜನ. ಕುರ್ಚಿಯಿಂದ ಎದ್ದು ನಿಂತು, ಚಪ್ಪಾಳೆ ತಟ್ಟಿ, ಇನ್ನೂ ಗಟ್ಟಿಯಾಗಿ ಕೂಗಿದರು. ಮುದುಕರು ಕೂಗಿದರು, ಮೊಮ್ಮಕ್ಕಳು ಕೂಗಿದರು. ಏನೂ ತಿಳಿಯದ ನರಸಿಂಗ ಕೂಡ ತೊಡೆಯ ಮೇಲೆ ತಾಳ ಹಾಕುತ್ತಿದ್ದ. ಹಜಿರಾ ಬೀ ಸಾಲಿನಿಂದ ಸಾಲಿಗೆ ಹೋಗುತ್ತಿದ್ದಳು, ಜೋಳಿಗೆ ಜೋತು ಬೀಳುತ್ತಿತ್ತು. ನಡುವೆ ನಿಲ್ಲಿಸಿಬಿಡಲೇ ಎಂದುಕೊಂಡ ಲಾಲಪ್ಪ. ಆ ಜೋಳಿಗೆ ನೋಡಿದ. ನಿಲ್ಲಿಸಲಾಗಲಿಲ್ಲ.

ಅವನು ಕಂಬದ ಕಡೆ ನೋಡಿದ. ಧೂಳಮ್ಮ ಸೆರಗಿನಿಂದ ಮುಖ ಮುಚ್ಚಿಕೊಂಡಿದ್ದಳು. ಅವಳನ್ನು ಬಿಟ್ಟರೆ ಅಷ್ಟು ಜನರಲ್ಲಿ ಸುಮ್ಮನೆ ಕೂತವಳು ದೀಪಾಲಿ ಒಬ್ಬಳೇ. ಅವಳ ಪಕ್ಕದಲ್ಲಿದ್ದ ಹಸಿರು ಸೀರೆಯ ಹೆಂಗಸು ಅದನ್ನು ಗಮನಿಸಿದಳು. ಮೊಣಕೈಯಿಂದ ತಿವಿದು, ನಗುತ್ತ ಏನೋ ಅಂದಳು. ಆಮೇಲೆ ನಗು ನಿಲ್ಲಿಸಿ, ಹುಡುಗಿಯ ಮುಖವನ್ನು ಗುರುತು ಹಿಡಿಯುವವಳಂತೆ ಸ್ವಲ್ಪ ಬಾಗಿ ನೋಡತೊಡಗಿದಳು.

ಮೂರನೆಯ ಸಲ ಆ ಜಾಗ ಬಂತು. ಲಾಲಪ್ಪ ಬಾಯಿ ಮುಚ್ಚಿದ.

ದೀಪಾಲಿ ಗಟ್ಟಿಯಾಗಿ ಒಮ್ಮೆ ಉಸಿರೆಳೆದುಕೊಂಡಳು. ಎರಡೂ ಕೈ ಎತ್ತಿ ಎಲ್ಲರ ಜೊತೆ ಚಪ್ಪಾಳೆ ತಟ್ಟುತ್ತ, ಎಲ್ಲರ ಜೊತೆ ಬಾಯಿ ತೆರೆದು ತನ್ನದೇ ಹೆಸರನ್ನು ಕೂಗಿದಳು. ಹಸಿರು ಸೀರೆಯ ಹೆಂಗಸು ನಕ್ಕು ವೇದಿಕೆಯ ಕಡೆ ತಿರುಗಿದಳು.